ಕೂಸಿಗೆ ಹಗುರವಾದ ಹೆಣಿಗೆಯೇ ಲೇಸು

ಕುರೆಕುಪ್ಪ, ತೋರಣಗಲ್ಲು, ಸಂಡೂರು ಭಾಗದ ಮನೆಗಳಲ್ಲಿ ಹಸುಗೂಸುಗಳಿಗೆ ತೊಡಿಸುವ ದಪ್ಪ ಸ್ವೆಟರಿನ ಕುರಿತು ಈ ತಿಂಗಳು ನಾವು ನಾಲ್ಕು ಮಾತು ಹೇಳಬಯಸುತ್ತೇವೆ. ನಮ್ಮ ಸೀಮೆಯ ಹವೆ ಎಂತಹುದೆಂದು ಓದುಗರಿಗೆ ಬಲ್ಲ ಸಂಗತಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಚಳಿಯೆನ್ನಬಹುದಾದದ್ದು ಡಿಸೆಂಬರ್, ಜನವರಿಯ ರಾತ್ರಿ ಮತ್ತು ನಸುಕಿನಲ್ಲಿ ಮಾತ್ರ. ಆದರೂ ತೊಟ್ಟಿಲ ಕಾರ್ಯದ ಉಡುಗೊರೆಗಳಲ್ಲಿ ಸ್ವೆಟರು, ಟೊಪ್ಪಿಗೆ, ಕಾಲುಚೀಲಗಳ ಜೋಡಿ ತಪ್ಪುವುದಿಲ್ಲ. ಉದ್ಯೋಗಕ್ಕಾಗಿ ಉತ್ತರ ಭಾರತದಿಂದ ಬಂದು ಇಲ್ಲಿ ನೆಲೆಸಿರುವ ಕುಟುಂಬಗಳೂ ತಮ್ಮ ಊರಿನ ಚಳಿಗೆ ತಕ್ಕ ಉಡುಪನ್ನೇ ತರುತ್ತಾರೆ. ಅಲ್ಲಿ ಅದು ಯುಕ್ತ. ಇಲ್ಲಿ ಅದೇ ಉಡುಪು ಕೂಸನ್ನು ಬೇಯಿಸುತ್ತದೆ.

ಕೂಸಿಗೆ ಬೆಚ್ಚಗಿನ ಆರೈಕೆ ಬೇಡವೆಂದು ನಾವು ಹೇಳುತ್ತಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಮಗು ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳಲಾರದು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗಂತೂ ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಮಲಗಿಸುವ ಕಾಂಗರೂ ಆರೈಕೆಗಿಂತ ಮಿಗಿಲಾದ ಸ್ವೆಟರಿಲ್ಲ. ಆದರೆ ಬೆಚ್ಚಗಿರಿಸುವುದೇ ಬೇರೆ, ಕಾಯಿಸುವುದೇ ಬೇರೆ. ನವಜಾತ ಶಿಶುವಿನ ಸಹಜ ಮೈಶಾಖ 36.5ರಿಂದ 37.5 ಡಿಗ್ರಿ. ಜಬಲಾದ ಮೇಲೆ ಸ್ವೆಟರು, ಅದರ ಮೇಲೆ ಕುಂಚಿಗೆ, ಮತ್ತೆ ಕೌದಿ, ಕಿಟಕಿ ಮುಚ್ಚಿದ ಬಾಣಂತಿ ಕೋಣೆ: ಇಷ್ಟು ಸೇರಿದರೆ ಬೇಸಿಗೆಯಲ್ಲಿ ರೋಗವಿಲ್ಲದೆಯೂ ಕೂಸಿನ ಮೈ ಸುಡುತ್ತದೆ. ಬೆವರುಸಾಲೆ ಏಳುತ್ತದೆ, ನೀರಿನಂಶ ಕುಂದುತ್ತದೆ, ಮಗು ಮಂಕಾಗಿ ಎದೆಹಾಲು ಕುಡಿಯುವುದನ್ನೇ ಬಿಡುತ್ತದೆ. ನಿದ್ರೆಯಲ್ಲಿ ಶಿಶುಗಳು ಹಠಾತ್ತನೆ ಅಸುನೀಗುವ ಪ್ರಕರಣಗಳಲ್ಲಿ ಅತಿಯಾದ ಉಡುಪಿನ ಕಾವೂ ಒಂದು ಅಪಾಯಕಾರಿ ಅಂಶವೆಂದು ವೈದ್ಯವಿಜ್ಞಾನ ಗುರುತಿಸಿದೆ.

ಅಂಗೈ ತಣ್ಣಗಿದೆಯೆಂದು ಹಿರಿಯರು ಇನ್ನೊಂದು ಬಟ್ಟೆ ಹೊದಿಸುವುದುಂಟು. ಎಳೆಯ ಕೂಸಿನ ಕೈಕಾಲು ಸ್ವಲ್ಪ ತಣ್ಣಗಿರುವುದು ಸಹಜ. ಎದೆಯನ್ನೋ ಹೊಟ್ಟೆಯನ್ನೋ ಕತ್ತಿನ ಹಿಂಭಾಗವನ್ನೋ ಮುಟ್ಟಿ ನೋಡಬೇಕು. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಬೇಕು. ಹೊಟ್ಟೆಯೂ ತಣ್ಣಗಿದ್ದರೆ ಮಗುವನ್ನು ತಾಯಿಯ ಎದೆಗಪ್ಪಿಸಿ ಹೊದಿಸಬೇಕು. ಬಟ್ಟೆ ತೆಗೆದ ಅರ್ಧ ಗಂಟೆಯ ಬಳಿಕವೂ ಮೈ ಬಿಸಿಯಾಗಿದ್ದರೆ, ಅಥವಾ ಕೂಸು ಹಾಲು ಕುಡಿಯದಿದ್ದರೆ, ಅದನ್ನು ಬಟ್ಟೆಯ ಕಾವೆಂದು ಭಾವಿಸದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಜ್ವರ ಕಂಡರೆ ಮನೆಮದ್ದಿಗೆ ಅವಕಾಶವೇ ಇಲ್ಲ.

ಹಾಗಾದರೆ ಹೆಣಿಗೆಯ ಕಡ್ಡಿಗಳನ್ನು ಕೆಳಗಿಡಬೇಕೆ? ಬೇಡ. ಹಗುರವಾದ ಜಾಲರಿ ಹೆಣಿಗೆಯನ್ನು ಕಲಿಯಿರೆಂಬುದೇ ನಮ್ಮ ವಿನಂತಿ. ಕಡ್ಡಿಯ ಮೇಲೆ ನೂಲನ್ನು ಒಮ್ಮೆ ಸುತ್ತಿದರೆ ಒಂದು ತೂತು ಮೂಡಿ ಕುಣಿಕೆಯೊಂದು ಹೆಚ್ಚುತ್ತದೆ. ಪಕ್ಕದ ಎರಡು ಕುಣಿಕೆಗಳನ್ನು ಕೂಡಿಸಿ ಒಂದಾಗಿ ಹೆಣೆದರೆ ಲೆಕ್ಕ ಮರಳಿ ಸರಿಹೋಗುತ್ತದೆ. ಜಾಲರಿಯ ಗುಟ್ಟೆಲ್ಲ ಇಷ್ಟೇ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಅಷ್ಟು ಸೂಕ್ಷ್ಮವಾದ ಸೂಜಿಗೆಲಸ ಬಲ್ಲ ಸೀಮೆಗೆ ಇದೇನು ಹೆಚ್ಚಿನದಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಹೆಣ್ಣುಮಕ್ಕಳು ಕೂಸುಗಳಿಗೆಂದು ಉಂಗುರದೊಳಗೆ ತೂರಿಸಬಹುದಾದಷ್ಟು ನವುರಾದ ಜಾಲರಿ ಶಾಲುಗಳನ್ನು ಹೆಣೆಯುತ್ತ ಬಂದಿದ್ದಾರೆ. ಅಂತಹ ಶೀತಲ ನಾಡಿನಲ್ಲಿಯೇ ನವುರು ಸಾಕಾಗಿರುವಾಗ ಬಳ್ಳಾರಿ ಸೀಮೆಯ ಬಿಸಿಲಿಗೆ ದಪ್ಪವೇಕೆ? ಮೈಯನ್ನು ಬೆಚ್ಚಗಿಡುವುದು ನೂಲಿನ ನಡುವೆ ನಿಂತ ಗಾಳಿ. ಹತ್ತಿಯ ಜಬಲಾದ ಮೇಲೆ ಜಾಲರಿಯ ಸ್ವೆಟರು ತೊಡಿಸಿದರೆ ಆ ಗಾಳಿಯೂ ನಿಲ್ಲುತ್ತದೆ, ಬೆವರೂ ಆರುತ್ತದೆ.

ಕಡ್ಡಿಯ ಆಯ್ಕೆಯಲ್ಲಿ ಒಂದು ಸೂಚನೆ. ನಮ್ಮ ಅಂಗಡಿಗಳ ಹಳೆಯ ಲೆಕ್ಕದಲ್ಲಿ ನಂಬರು ಹೆಚ್ಚಿದಂತೆ ಕಡ್ಡಿ ಸಣ್ಣದು: 10ನೆಯದು 3.25 ಮಿಲಿಮೀಟರು, 8ನೆಯದು 4 ಮಿಲಿಮೀಟರು. ಅದೇ ತೆಳು ನೂಲನ್ನು 10ರ ಬದಲು 8ರಲ್ಲಿ ಹೆಣೆದರೆ ಹೆಣಿಗೆ ಸಡಿಲವಾಗಿ, ಮೃದುವಾಗಿ ಇಳಿಬೀಳುತ್ತದೆ.

ನೂಲಿನ ವಿಷಯದಲ್ಲಿ ನಾವು ತುಸು ನಿಷ್ಠುರವಾಗಿಯೇ ಹೇಳುತ್ತೇವೆ. ಪೇಟೆಯಲ್ಲಿ ಉಣ್ಣೆಯೆಂದು ಮಾರುವ ಬಣ್ಣಬಣ್ಣದ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್, ಅಂದರೆ ಕೃತಕ ನೂಲು. ಅದು ಬೆವರನ್ನು ಹೀರುವುದೇ ಇಲ್ಲವೆನ್ನಬೇಕು. ಇನ್ನೂ ಕೆಟ್ಟದ್ದೆಂದರೆ, ಕಿಡಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ನಮ್ಮ ಮನೆಗಳಲ್ಲಿ ಎರೆದ ಬಳಿಕ ಕೂಸಿಗೆ ಕೆಂಡದ ಮೇಲೆ ಲೋಬಾನದ ಹೊಗೆ ಹಿಡಿಯುವ ರೂಢಿಯಿದೆ. ಆ ಹೊಗೆ ಎಳೆಯ ಶ್ವಾಸಕೋಶಕ್ಕೆ ಹಿತವಲ್ಲವೆಂಬುದು ಬೇರೆ ಮಾತು. ಅಕ್ರಿಲಿಕ್ ಸ್ವೆಟರು ತೊಟ್ಟ ಕೂಸನ್ನು ಕೆಂಡದ ಬಳಿ ಹಿಡಿಯುವುದಂತೂ ಸಲ್ಲದು. ದಖ್ಖನಿ ಕುರಿಯ ಉಣ್ಣೆ ಕಂಬಳಿಗೆ ಶ್ರೇಷ್ಠ, ಕೂಸಿನ ಮೈಗೆ ಒರಟು. ನಮ್ಮ ಹವೆಗೆ ಹತ್ತಿ ನೂಲು ಉತ್ತಮ. ಚಳಿಗಾಲದ ನಸುಕಿಗೆ ಬೇಕೆನಿಸಿದರೆ ಮೆರಿನೋದಂತಹ ನಯವಾದ ಉಣ್ಣೆ ಆದೀತು.

ತಲೆಯ ಮೇಲಿಂದ ತೊಡಿಸುವ ಸ್ವೆಟರಿಗೆ ಇನ್ನೊಂದು ತೊಡಕಿದೆ. ಹುಟ್ಟಿದಾಗ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರು. ಎದೆಯ ಸುತ್ತಳತೆ ಅದಕ್ಕಿಂತ ತುಸು ಕಡಿಮೆ. ಎದೆಯ ಅಳತೆಗೆ ಹೆಣೆದ ಕೊರಳಿನೊಳಗೆ ತಲೆ ತೂರದು. ಆದ್ದರಿಂದ ಒಂದು ಹೆಗಲನ್ನು ತೆರೆದಿಡಬೇಕು, ಅಥವಾ ಕತ್ತು ನಿಲ್ಲುವವರೆಗೆ, ಅಂದರೆ ಮೂರು-ನಾಲ್ಕು ತಿಂಗಳವರೆಗೆ, ಮುಂದೆ ತೆರೆಯುವ ಅಂಗಿಯನ್ನೇ ತೊಡಿಸಬೇಕು. ಕೊರಳಿಗೆ ದಾರ ಕಟ್ಟುವುದು ಬೇಡ. ಸಡಿಲವಾದ ಗುಂಡಿ ಬಾಯಿಗೆ ಹೋಗುತ್ತದೆ.

ಜಾಲರಿಯ ತೂತುಗಳಲ್ಲಿಯೂ ಅಪಾಯವಿಲ್ಲದಿಲ್ಲ. ಬೆರಳು ಸಿಕ್ಕಿಕೊಳ್ಳಬಹುದು, ಒಳಗೆ ಬಿಟ್ಟ ನೂಲಿನ ತುದಿ ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರವನ್ನೇ ತಡೆಯಬಹುದು. ಕಾರಣ ತಿಳಿಯದಂತೆ ಅಳುವ ಮಗುವಿನ ಕೈಕಾಲ ಬೆರಳುಗಳನ್ನು ಒಂದೊಂದಾಗಿ ನೋಡಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ತೋಳಿನ ತುದಿಯನ್ನು ಒತ್ತಾಗಿ ಹೆಣೆಯಿರಿ, ತೂತುಗಳನ್ನು ಸಣ್ಣದಾಗಿಯೇ ಇಡಿ. ಜಾಲರಿಯ ಕೈಚೀಲ, ಕಾಲುಚೀಲಗಳು ಬೇಡವೇ ಬೇಡ. ಮಲಗಿಸುವಾಗ ಟೊಪ್ಪಿಗೆಯನ್ನೂ ತೆಗೆದಿಡುವುದು ಕ್ಷೇಮ.

ಗಣಿ, ಲಾರಿ, ಕಾರ್ಖಾನೆಗಳ ನಡುವಿನ ಈ ಊರುಗಳಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆಯ ಮೇಲೂ ಕೆಂಧೂಳು ಕೂರುತ್ತದೆ. ದಪ್ಪ ಸ್ವೆಟರನ್ನು ವಾರಕ್ಕೊಮ್ಮೆ ಒಗೆಯುವುದೂ ಕಷ್ಟ. ತನ್ನೊಳಗೆ ಹಿಡಿದಿಟ್ಟ ಧೂಳನ್ನು ಅದು ಕೂಸಿನ ಮೂಗಿಗೇ ಒಯ್ಯುತ್ತದೆ. ಹತ್ತಿಯ ಜಾಲರಿ ಅಂಗಿಯನ್ನು ದಿನವೂ ಒಗೆಯಬಹುದು. ಹಿಂಡದೆ, ಮಡಿಚಿದ ಟವೆಲಿನಲ್ಲಿ ಒತ್ತಿ ನೀರು ತೆಗೆದು, ಮನೆಯೊಳಗೆ ಚಾಪೆಯ ಮೇಲೆ ಹರಡಿದರೆ ಆಕಾರ ಕೆಡದು. ಆರು ತಿಂಗಳ ಕೂಸಿಗೆ ನೂರು ಗ್ರಾಮಿನಷ್ಟು ತೆಳು ನೂಲು ಸಾಕು. ಅಂತಹ ಎರಡು ಅಂಗಿಗಳಿದ್ದರೆ ಒಂದು ಮೈಮೇಲೆ, ಒಂದು ಚಾಪೆಯ ಮೇಲೆ.