ಸಿ ಶಿಫ್ಟಿನವನ ಕಿವಿಗೆ ಕರೆಂಟು

ಕಳೆದ ತಿಂಗಳು ಒಂದು ಬೆಳಗ್ಗೆ ಏಳೂವರೆಗೆ ನಮ್ಮ ಚಿಕ್ಕಪ್ಪನ ಮಗ ಲಿಂಕ್ ಕಳಿಸಿದ. ಕಿವಿಗೆ ಸಿಕ್ಕಿಸಿಕೊಳ್ಳೋ ಪುಟ್ಟ ಕ್ಲಿಪ್ಪು. ಸಣ್ಣಗೆ ಕರೆಂಟು ಹರಿಸುತ್ತದಂತೆ, ನಿದ್ದೆ ಬರುತ್ತದಂತೆ. ಬೆಲೆ ಅವನ ಒಂದು ತಿಂಗಳ ಸಂಬಳಕ್ಕಿಂತ ಸ್ವಲ್ಪ ಕಮ್ಮಿ. "ಅಕ್ಕಾ, ಇಎಂಐ ಐತೆ. ತಗಳ್ಳಾ?" ಅಂತ ಕೆಳಗೊಂದು ಸಾಲು. ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸಿ ಶಿಫ್ಟ್ ಮುಗಿಸಿ ಆಗಷ್ಟೇ ಕಂಪನಿ ಬಸ್ ಹತ್ತಿದ್ದ.

ಬ್ಯಾಡ ಅಂದೆ. ಯಾಕೆ ಬ್ಯಾಡ ಅಂತ ವಿವರಿಸೋಕೆ ಹೋಗಿ ಇಷ್ಟುದ್ದ ಆಯಿತು.

ಮೊದಲೇ ಹೇಳಿಬಿಡ್ತೀನಿ, ಈ ಕ್ಲಿಪ್ಪಿನ ಹಿಂದಿರುವ ವಿಜ್ಞಾನ ಬುರುಡೆಯಲ್ಲ. ಮಿದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೂ ಅಲೆಯುವ ವೇಗಸ್ ನರದ ಒಂದು ಕವಲು ಕಿವಿಯ ಚರ್ಮಕ್ಕೆ ಬರುತ್ತದೆ. ಗುಗ್ಗೆ ತೆಗೆಯುವಾಗ ಕೆಲವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬರುತ್ತಲ್ಲ, ಅದು ಇದೇ ಕವಲಿನ ಕಿತಾಪತಿ. ಎದೆಯೊಳಗೆ ಯಂತ್ರ ಕೂರಿಸಿ, ಕುತ್ತಿಗೆಯಲ್ಲಿ ಈ ನರಕ್ಕೆ ತಂತಿ ಜೋಡಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ 1997ರಲ್ಲೇ ಮೂರ್ಛೆರೋಗಕ್ಕಾಗಿ ಒಪ್ಪಿಗೆ ಸಿಕ್ಕಿತ್ತು. ಕೊಯ್ಯದೆ, ಕಿವಿಯಿಂದಲೇ ಆ ನರವನ್ನು ಮುಟ್ಟಬಹುದಾ ಅನ್ನೋದು ನ್ಯಾಯವಾದ ಪ್ರಶ್ನೆ. 2024ರಲ್ಲಿ 'ಜಾಮಾ ನೆಟ್‌ವರ್ಕ್ ಓಪನ್' ಪತ್ರಿಕೆಯಲ್ಲಿ ಚೀನಾದ ಒಂದು ಪ್ರಯೋಗದ ವರದಿ ಬಂತು. ದೀರ್ಘಕಾಲದ ನಿದ್ರಾಹೀನತೆ ಇದ್ದ 72 ಜನ, ಎಂಟು ವಾರ. ನಿಜವಾದ ಪ್ರಚೋದನೆ ಪಡೆದವರ ನಿದ್ದೆ ಹೆಚ್ಚು ಸುಧಾರಿಸಿತು. ಹುಸಿ ಪ್ರಚೋದನೆ ಪಡೆದವರ ನಿದ್ದೆಯೂ ಒಂದಷ್ಟು ಸುಧಾರಿಸಿತು. ಜಾಹೀರಾತಿನಲ್ಲಿ ಮೊದಲನೇ ವಾಕ್ಯ ಇರುತ್ತೆ, ಎರಡನೇದು ಇರಲ್ಲ.

(ಇಷ್ಟರಲ್ಲಿ ಯಾರಾದರೂ "ನಮ್ಮ ಹಿರಿಯರು ಕಿವಿ ಚುಚ್ಚಿಸ್ತಿದ್ದದ್ದು ಇದಕ್ಕೇ" ಅನ್ನೋ ವಾಟ್ಸಾಪ್ ಫಾರ್ವರ್ಡ್ ಹುಡುಕ್ತಿದ್ದರೆ, ದಯವಿಟ್ಟು ನಿಲ್ಲಿಸಿ. ಓಲೆ ಹಾಕುವ ಹಾಲೆಗೆ ಬರುವುದು ಬೇರೆ ನರ. ಎಷ್ಟೋ ಪ್ರಯೋಗಗಳಲ್ಲಿ ಹುಸಿ ಪ್ರಚೋದನೆ ಕೊಡೋದೇ ಆ ಹಾಲೆಗೆ.)

ನನ್ನ ತಕರಾರು ಬೇರೆ. ವೈದ್ಯರ ಪುಸ್ತಕದಲ್ಲಿ ದೀರ್ಘಕಾಲದ ನಿದ್ರಾಹೀನತೆ ಅಂದರೆ ವಾರಕ್ಕೆ ಕನಿಷ್ಠ ಮೂರು ರಾತ್ರಿ, ಕನಿಷ್ಠ ಮೂರು ತಿಂಗಳು, ನಿದ್ದೆಗೆ ತಕ್ಕ ಸಮಯ, ಜಾಗ ಎರಡೂ ಇದ್ದು ನಿದ್ದೆ ಬಾರದಿರುವುದು. ಇದ್ದು ಅನ್ನೋ ಆ ಪದವನ್ನ ಗಮನಿಸಿ. ನಮ್ಮ ಹುಡುಗನಿಗೆ ಏನಿದೆ? ಕೋರದಲ್ಲಿ ಶೀಟಿನ ರೂಮು, ಮೂರು ಜನ, ಎರಡು ಹಾಸಿಗೆ. ಒಬ್ಬ ಎದ್ದು ಹೋದರೆ ಇನ್ನೊಬ್ಬನಿಗೆ ಜಾಗ. ಇವನು ಮಲಗೋ ಹೊತ್ತಿಗೆ ಶೀಟು ಕಾಯೋಕೆ ಶುರು. ಎದುರುಗಡೆ ವೆಲ್ಡಿಂಗ್ ಶಾಪು. ಇಂಥಾ ಕಡೆ ಕಣ್ಣು ಮುಚ್ಚಲಿಲ್ಲ ಅಂದ್ರೆ ಕೆಟ್ಟಿರೋದು ಅವನ ನರವಾ?

ನಿದ್ರಾಹೀನತೆಗೆ ಮೊದಲು ಕೊಡಬೇಕಾದ್ದು ಮಾತ್ರೆಯಲ್ಲ, ಅಭ್ಯಾಸ ತಿದ್ದುವ ಮನೋಚಿಕಿತ್ಸೆ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿದೆ. ಆ ಚಿಕಿತ್ಸೆಯ ಒಂದು ಮುಖ್ಯ ಸೂತ್ರ: ದಿನಾ ಒಂದೇ ಹೊತ್ತಿಗೆ ಏಳಿ. ಇವನ ಕಂಪನಿಯಲ್ಲಿ ವಾರಕ್ಕೊಮ್ಮೆ ಶಿಫ್ಟ್ ಬದಲು, ಅದೂ ಹಿಂದುಮುಂದಾಗಿ, ಸಿ ಆದ ಮೇಲೆ ಬಿ, ಬಿ ಆದ ಮೇಲೆ ಎ. ಮೈಯೊಳಗಿನ ಗಡಿಯಾರ ಹಿಂದಕ್ಕಿಂತ ಮುಂದಕ್ಕೆ ಸುಲಭವಾಗಿ ಸರಿಯುತ್ತೆ, ಅದಕ್ಕೇ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಈ ಕ್ರಮದಲ್ಲಿ ಪಾಳಿ ತಿರುಗಿಸಿ ಅಂತ ತಜ್ಞರು ಹೇಳಿ ದಶಕಗಳೇ ಆದವು. ಇದಕ್ಕೆ ಯಂತ್ರ ಬೇಡ, ಇಎಂಐ ಬೇಡ, ಎಕ್ಸೆಲ್ ಶೀಟಿನಲ್ಲಿ ಎರಡು ಕಾಲಂ ಅದಲುಬದಲು ಮಾಡಿದರೆ ಸಾಕು. ರಾತ್ರಿ ಪಾಳಿಯನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2007ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಪಟ್ಟಿಗೆ ಸೇರಿಸಿತು, 2019ರಲ್ಲಿ ಮತ್ತೆ ನೋಡಿ ಅಲ್ಲೇ ಇಟ್ಟಿತು. ನಿದ್ದೆಗೆಟ್ಟು ಮಾರನೇ ದಿನ ತೂಕಡಿಸೋದಷ್ಟೇ ಇಲ್ಲಿನ ಸಮಸ್ಯೆ ಅಲ್ಲ.

ನಮ್ಮ ಸರ್ಕಾರ ಮಾಡಿದ್ದೇನು? ವಸಂತನರಸಾಪುರಕ್ಕೆ 2014ರಲ್ಲಿ ಪ್ರಧಾನಿಯೇ ಬಂದು ಫುಡ್ ಪಾರ್ಕ್ ಉದ್ಘಾಟಿಸಿ ಹೋದರು, ಬಂಡವಾಳ ಬರಲಿ ಅಂದರು, ಬರಲಿ. 2023ರ ಫೆಬ್ರವರಿಯಲ್ಲಿ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ಬಂತು, ವಾರಕ್ಕೆ 48 ಗಂಟೆ ದಾಟದ ಹಾಗೆ ದಿನಕ್ಕೆ 12 ಗಂಟೆವರೆಗೂ ದುಡಿಸಬಹುದು ಅಂತ. ಕೆಲಸಗಾರನ ಒಪ್ಪಿಗೆ ಬೇಕಂತೆ. ಟ್ರೇನಿ ಅಂತ ಸೇರಿದ ಹುಡುಗ ಸೂಪರ್‌ವೈಸರ್ ಮುಂದೆ ಒಪ್ಪಿಗೆ ಇಲ್ಲ ಅನ್ನೋದನ್ನ ನಾನಂತೂ ನೋಡಿಲ್ಲ.

ಬೆಂಗಳೂರಲ್ಲಿ ಎಸಿ ಕೆಳಗೆ ಕೂತು ಇದನ್ನ ಓದ್ತಿರೋರು "ಪಾಪ" ಅನ್ಬೇಡಿ. 2024ರಲ್ಲಿ ಐಟಿಯವರಿಗೆ 14 ಗಂಟೆ ಕೆಲಸದ ಪ್ರಸ್ತಾಪ ಬಂದಾಗ ಸರ್ಕಾರದ ಪಕ್ಷ ಬೇರೆಯಾಗಿತ್ತು, ಪ್ರಸ್ತಾಪದ ವಾಸನೆ ಮಾತ್ರ ಅದೇ. ರಾತ್ರಿ ಹನ್ನೊಂದರ ಕಾಲ್ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ, ಸ್ಲೀಪ್ ಆ್ಯಪ್ ತೆರೆದು, ಸ್ಕೋರ್ 61 ಅಂತ ನೋಡಿ ಇನ್ನಷ್ಟು ನಿದ್ದೆ ಕಳಕೊಳ್ಳೋರು ನಾವು. ನಾಳೆ ಎಚ್ಆರ್‌ನವರು ವೆಲ್‌ನೆಸ್ ವಾರದಲ್ಲಿ ಈ ಕ್ಲಿಪ್ಪನ್ನೇ ಡಬ್ಬದಲ್ಲಿಟ್ಟು ಉಡುಗೊರೆ ಕೊಟ್ಟರೆ ಸೆಲ್ಫಿ ತಗೊಂಡು ಹಾಕ್ತೀವಿ. ಆ ಹನ್ನೊಂದರ ಕಾಲನ್ನ ಒಂಬತ್ತಕ್ಕೆ ತರಬಹುದಾ ಅಂತ ಕೇಳಲ್ಲ.

ಸಮಯವಿದ್ದೂ, ಕತ್ತಲಿದ್ದೂ ವರ್ಷಗಟ್ಟಲೆ ಕಣ್ಣು ತೆರೆದೇ ರಾತ್ರಿ ಕಳೆಯೋರು ಇದ್ದಾರೆ. ಅವರಿಗಾಗಿ ಈ ಚಿಕಿತ್ಸೆ ಬೆಳೀಲಿ, ಇನ್ನೂ ದೊಡ್ಡ ಪ್ರಯೋಗಗಳು ನಡೀಲಿ, ನರರೋಗ ತಜ್ಞರು ನೋಡಿ ಬರೆದುಕೊಡಲಿ. ಪಾಳಿಯ ಪಟ್ಟಿ ತಿದ್ದಬೇಕಾದವನ ಬದಲು ಪಾಳಿ ಮಾಡುವವನ ಕಿವಿ ತಿದ್ದೋಕೆ ಹೊರಟಾಗ ಮಾತ್ರ ನನ್ನ ತಲೆ ಕೆಡುತ್ತೆ.

ಇದನ್ನೆಲ್ಲ ಫೋನಲ್ಲಿ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ಸರಿ ಅಕ್ಕಾ, ಆ ಎರಡು ಕಾಲಂ ಅದಲುಬದಲು ಮಾಡ್ರಿ ಅಂತ ನಾನು ಯಾರಿಗೇಳ್ಲಿ?" ಅಂದ. ಬಸ್ಸಿಂದ ಇಳಿಯೋ ಸದ್ದು ಕೇಳಿಸಿತು. ವೆಲ್ಡಿಂಗ್ ಶಾಪು ಆಗಲೇ ಬಾಗಿಲು ತೆಗೆದಿತ್ತು.