ಗಿರಣಿಯ ನೆಲ, ಯಾರ ಎಲೆ?

ಮುಂಬಯಿಯಲ್ಲಿ ಹಣವಿದ್ದವನ ಊಟಕ್ಕೆ ಬಗೆಗಳ ಬರವಿಲ್ಲ. ಇರಾನಿ ಹೋಟೆಲಿನ ಬನ್-ಮಸ್ಕಾ, ಮಾಟುಂಗದ ಉಡುಪಿ ಊಟ, ಮಹಮ್ಮದಾಲಿ ರಸ್ತೆಯ ಕಬಾಬು, ಎಲ್ಲವೂ ಒಂದೇ ಊರಿನಲ್ಲಿ ಸಿಗುತ್ತವೆ. ಇದನ್ನು ಹೊಗಳುವವರು ಒಂದು ಒಲೆಯನ್ನು ಮಾತ್ರ ಮರೆಯುತ್ತಾರೆ. ಅದು ಗಿರಣಗಾಂವಿನ ಖಾನಾವಳಿಯ ಒಲೆ.

ಹೆಂಡಿರು ಮಕ್ಕಳನ್ನು ಹಳ್ಳಿಯಲ್ಲಿ ಬಿಟ್ಟು ಬಂದ ಗಿರಣಿ ಕಾರ್ಮಿಕರಿಗೆ ಚಾಳಿನ ಕೋಣೆಯಲ್ಲಿ ಬೇಯಿಸಿ, ತಿಂಗಳ ಲೆಕ್ಕದಲ್ಲಿ ಬಡಿಸಿದವರು ಬಡ ಹೆಂಗಸರು. ಕಾರ್ಮಿಕನಿಗೆ ಪಗಾರವಾದರೆ ಇವರಿಗೆ ಹಣ. ಅಲ್ಲಿಯವರೆಗೆ ಬಡ್ಡಿಯ ಸಾಲವೇ ಗತಿ. 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿ, ಇವರಿಗೆ ಬ್ಯಾಂಕಿನ ಸಾಲ ದೊರಕಿಸಿದರು. ಸಂಘಟನೆಯ ಬಲಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1982ರ ಜನವರಿ 18ರಂದು ಮುಂಬಯಿಯ ಗಿರಣಿಗಳಲ್ಲಿ ಸಾರ್ವತ್ರಿಕ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಮುಂದಿನ ವರ್ಷಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವನ್ನು ನಂಬಿದ ಖಾನಾವಳಿಗಳೂ ಸೊರಗಿದವು. ಗಿರಣಿಯ ಕದ ಮುಚ್ಚಿದರೆ ಸಣ್ಣ ವ್ಯಾಪಾರಿಯ ಗಲ್ಲಾವೂ ಬರಿದಾಗುತ್ತದೆಂಬುದನ್ನು ನಮ್ಮ ವರ್ತಕ ಬಂಧುಗಳು ಗಮನಿಸಬೇಕು.

ಆ ನೆಲದಲ್ಲಿ ಈಗ ಮಾಲುಗಳು, ದುಬಾರಿ ರೆಸ್ಟೋರೆಂಟುಗಳು ಎದ್ದಿವೆ. ಕಮಲಾ ಮಿಲ್ಸ್ ಆವರಣದ ಮಹಡಿಯ ಮೇಲಿನ ಇಂಥ ತಾಣಗಳಲ್ಲಿ 2017ರ ಡಿಸೆಂಬರ್ 29ರಂದು ಹೊತ್ತಿದ ಬೆಂಕಿ 14 ಜೀವಗಳನ್ನು ನುಂಗಿತು. ಲಾಭದ ಹಸಿವು ಉಣ್ಣಲು ಬಂದವನನ್ನೂ ಬಿಡಲಿಲ್ಲ.

ಬಗೆಬಗೆಯ ರುಚಿಗೆ ನಾವು ವಿರೋಧಿಗಳಲ್ಲ. ಆದರೆ ದುಡಿದವನಿಗೆ ಬಡಿಸುವ ಕೆಲಸ ಮಾತ್ರ ಉಳಿದು, ಉಣ್ಣುವ ಜಾಗವಿಲ್ಲದಂತಾದರೆ ಅದು ನಗರದ ವೈಭವವಲ್ಲ, ಅನ್ಯಾಯ. ಗಿರಣಿಯ ನೆಲದಲ್ಲಿ ಕಾರ್ಮಿಕನ ಎಲೆಗೂ ಪಾಲಿರಬೇಕು.