ಆರನೇ ಸ್ಥಾನದ ಎರಡು ಆಗಸ್ಟ್‌ಗಳು

ಅಮೆರಿಕದ ಕಾಲೇಜು ಫುಟ್‌ಬಾಲ್ ಋತು ಆರಂಭವಾಗುವ ಮೊದಲು, ಪ್ರತಿ ಆಗಸ್ಟ್‌ನಲ್ಲಿ, ಒಂದು ಪಟ್ಟಿ ಹೊರಬೀಳುತ್ತದೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಗಾಗಿ ಅರವತ್ತರ ಆಸುಪಾಸಿನಷ್ಟು ಕ್ರೀಡಾ ಪತ್ರಕರ್ತರು ಮತ ಹಾಕಿ ದೇಶದ 25 ಉತ್ತಮ ತಂಡಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಋತುವಿಗೆ ಮುಂಚೆಯೇ ಹೀಗೆ ಶ್ರೇಯಾಂಕ ಕೊಡುವ ರೂಢಿ 1950ರಿಂದ ನಡೆದುಬಂದಿದೆ. ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್‌ಎಸ್‌ಯು, 2019ರ ಆಗಸ್ಟ್‌ನ ಪಟ್ಟಿಯಲ್ಲಿ ಆರನೆಯದಾಗಿತ್ತು. 2020ರ ಆಗಸ್ಟ್‌ನಲ್ಲೂ ಆರನೆಯದೇ. ಮೊದಲ ಸಲ ಅದು ಆಡಿದ ಹದಿನೈದೂ ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಎರಡನೇ ಸಲ ಹತ್ತರಲ್ಲಿ ಐದು ಸೋತಿತು. ಒಂದೇ ಅಂಕಿಯ ಕೆಳಗೆ ಇಷ್ಟು ದೂರದ ಎರಡು ಫಲಿತಾಂಶಗಳು ನಿಂತಿರುವಾಗ, ಆ ಅಂಕಿ ಏನನ್ನು ಅಳೆಯುತ್ತಿತ್ತು ಎಂದು ತಿರುಗಿ ನೋಡುವುದು ಅಗತ್ಯ.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಇದು ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಚೆಂಡು ಕೈಯಲ್ಲಿರುವ ಹನ್ನೊಂದು ಮಂದಿ ಆಫೆನ್ಸ್, ತಡೆಯುವ ಹನ್ನೊಂದು ಮಂದಿ ಡಿಫೆನ್ಸ್. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ. ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್. ಆಫೆನ್ಸಿನ ಸೂತ್ರ ಕ್ವಾರ್ಟರ್‌ಬ್ಯಾಕ್ ಕೈಯಲ್ಲಿ. ಆದರೆ ಅವನು ಎಸೆಯುವಷ್ಟು ಹೊತ್ತು ನಿಂತಿರಬೇಕಾದರೆ ಮುಂದಿನ ಸಾಲಿನ ಐವರು ದಾಂಡಿಗರು ಎದುರಾಳಿಗಳನ್ನು ತಡೆದು ನಿಲ್ಲಿಸಬೇಕು. ಅದೇ ಹೊತ್ತಿಗೆ ಚೆಂಡು ಹಿಡಿಯುವ ರಿಸೀವರ್‌ಗಳು ಗೊತ್ತಾದ ಜಾಗಕ್ಕೆ ಓಡಿ ತಲುಪಿರಬೇಕು. ಮೂರು ಸೆಕೆಂಡಿನೊಳಗೆ ಹನ್ನೊಂದು ಜನ ಒಂದೇ ಲೆಕ್ಕದಲ್ಲಿ ನಡೆದುಕೊಳ್ಳಬೇಕಾದ ಕೆಲಸ ಇದು. ಋತುವಿಗೆ ಮುಂಚಿನ ನಿರೀಕ್ಷೆಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ.

2019ರ ಬೇಸಿಗೆಯಲ್ಲಿ ಎಲ್‌ಎಸ್‌ಯು ಆಫೆನ್ಸ್ ಬಗ್ಗೆ ಇದ್ದ ಅನುಮಾನಕ್ಕೆ ಇತಿಹಾಸದ ಬೆಂಬಲವಿತ್ತು. 2012ರ ಜನವರಿಯಲ್ಲಿ, ಅಜೇಯವಾಗಿ ಫೈನಲ್ ತಲುಪಿದ್ದ ಎಲ್‌ಎಸ್‌ಯು ತಂಡ ಅಲಬಾಮಾ ಎದುರು ಒಂದೂ ಅಂಕ ಗಳಿಸದೆ 21-0 ಅಂತರದಿಂದ ಸೋತಿತು. ಅದು ಸೇರಿದಂತೆ ಅಲಬಾಮಾ ಎದುರು ಸತತ ಎಂಟು ಸೋಲುಗಳಾದವು. ಎಂಟನೆಯದು 2018ರ ನವೆಂಬರ್‌ನಲ್ಲಿ, ಬ್ಯಾಟನ್ ರೂಜ್‌ನ ಸ್ವಂತ ಕ್ರೀಡಾಂಗಣದಲ್ಲಿ, ಒಂದು ಲಕ್ಷಕ್ಕೂ ಮಿಕ್ಕಿದ ಆಸನಗಳ ನಡುವೆ, 29-0. ಓಟದ ಮೇಲೆ ಓಟ, ಬಲದ ಮೇಲೆ ಬಲ ಎಂಬ ಹಳೆಯ ಶೈಲಿಯಿಂದ ತಂಡ ಹೊರಬಂದಿರಲಿಲ್ಲ. ‘ಈ ಸಲ ಆಫೆನ್ಸ್ ಬದಲಾಗುತ್ತದೆ’ ಎಂಬ ಮಾತನ್ನು ಲೂಸಿಯಾನಾದ ಜನ ಹಲವು ಸಲ ಕೇಳಿದ್ದರು. 2017ರ ಋತುವಿಗೆಂದು ಹೊಸ ತಂತ್ರದ ಭರವಸೆಯೊಂದಿಗೆ ಬಂದ ಆಫೆನ್ಸ್ ಮುಖ್ಯಸ್ಥ ಮ್ಯಾಟ್ ಕೆನಡಾ ಒಂದೇ ವರ್ಷಕ್ಕೆ ಹೊರಟುಹೋದರು. ಹೀಗಿರುವಾಗ 2019ರ ಜನವರಿಯಲ್ಲಿ ಮುಖ್ಯ ತರಬೇತುದಾರ ಎಡ್ ಓರ್ಜೆರಾನ್ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ಸಹಾಯಕರ ಸಾಲಿನಿಂದ ಜೋ ಬ್ರೇಡಿ ಎಂಬ 29 ವರ್ಷದವರನ್ನು ಕರೆತಂದರೆ, ಅದನ್ನು ಕ್ರಾಂತಿ ಎಂದು ಯಾರು ಕರೆದಾರು?

ಕ್ವಾರ್ಟರ್‌ಬ್ಯಾಕ್ ಜೋ ಬರೋ ಬಗ್ಗೆಯೂ ಉತ್ಸಾಹ ಇರಲಿಲ್ಲ. ಒಹಾಯೋ ಸ್ಟೇಟ್‌ನಲ್ಲಿ ಮೊದಲ ಆಯ್ಕೆಯಾಗದೆ 2018ರಲ್ಲಿ ವಲಸೆ ಬಂದ ಆಟಗಾರ. ಆ ವರ್ಷ 13 ಪಂದ್ಯಗಳಲ್ಲಿ 2,894 ಗಜ, 16 ಟಚ್‌ಡೌನ್, ಎಸೆದ ಚೆಂಡುಗಳಲ್ಲಿ ಗುರಿ ಸೇರಿದ್ದು ಶೇ 57.8. ಕೆಟ್ಟದ್ದೂ ಅಲ್ಲ, ಹೊಗಳಿ ಬರೆಯುವಂಥದ್ದೂ ಅಲ್ಲ. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿ ಅವನಿಗೆ ಬಂದರೆ ಒಂದಕ್ಕೆ ಇನ್ನೂರು ಕೊಡಲು ಬಾಜಿ ಕಟ್ಟಿಸಿಕೊಳ್ಳುವವರು ಸಿದ್ಧರಿದ್ದರು.

ಹಾಗಾದರೆ ಆರನೇ ಸ್ಥಾನ ಎಲ್ಲಿಂದ ಬಂತು? ಉತ್ತರ ಹಿಂದಿನ ವರ್ಷದ ಕೊನೆಯ ಪಟ್ಟಿಯಲ್ಲಿದೆ. 2018ರ ಋತು ಮುಗಿದಾಗ ಎಲ್‌ಎಸ್‌ಯು ನಿಂತದ್ದು ಆರನೇ ಸ್ಥಾನದಲ್ಲಿ. ಏಳು ತಿಂಗಳ ನಂತರ ಅದೇ ಅಂಕಿಗೆ ಹೊಸ ದಿನಾಂಕ ಹಾಕಿದಂತಾಯಿತು. ಮುನ್ನೋಟ ಎಂಬ ಹೆಸರಿನಲ್ಲಿ ಹೊರಬಂದದ್ದು ಕಳೆದ ವರ್ಷದ ತೀರ್ಪು.

ಆ ಕಳೆದ ವರ್ಷವನ್ನಾದರೂ ಸರಿಯಾಗಿ ಓದಲಾಗಿತ್ತೇ? 2018ರಲ್ಲಿ ತಂಡ 13 ಪಂದ್ಯಗಳಲ್ಲಿ 421 ಅಂಕ ಗಳಿಸಿತ್ತು, ಸರಾಸರಿ 32.4. ಆದರೆ ಟೆಕ್ಸಸ್ ಎ ಅಂಡ್ ಎಂ ಎದುರಿನ ಒಂದೇ ಪಂದ್ಯದಲ್ಲಿ 72 ಅಂಕ ಬಂದಿದ್ದವು. ನಿಗದಿತ ಅವಧಿ ಮುಗಿದಾಗ 31-31 ಇದ್ದ ಪಂದ್ಯ ಏಳು ಹೆಚ್ಚುವರಿ ಅವಧಿಗಳಿಗೆ ಎಳೆದು 74-72ಕ್ಕೆ ನಿಂತಿತ್ತು. ಆ ಹೆಚ್ಚುವರಿ 41 ಅಂಕಗಳನ್ನು ಕಳೆದರೆ ಸರಾಸರಿ 29ರ ಸುತ್ತ ಇಳಿಯುತ್ತದೆ. ಅಂಕಿಗಳನ್ನೇ ನೆಚ್ಚಿದವರು ಇನ್ನಷ್ಟು ಅನುಮಾನ ಪಡಬೇಕಿತ್ತು. ಪಟ್ಟ ಅನುಮಾನವೇ ಸುಳ್ಳಾಯಿತು ಎನ್ನುವುದು ಬೇರೆ ಮಾತು.

2019ರ ಆಗಸ್ಟ್ ಕೊನೆಯಲ್ಲಿ ಜಾರ್ಜಿಯಾ ಸದರ್ನ್ ಎದುರು 55-3. ದುರ್ಬಲ ಎದುರಾಳಿ ಎಂದು ಸುಮ್ಮನಾದವರಿಗೆ ಸೆಪ್ಟೆಂಬರ್ 7ರಂದು ಆಸ್ಟಿನ್‌ನಲ್ಲಿ ಉತ್ತರ ಸಿಕ್ಕಿತು. ಟೆಕ್ಸಸ್ ಎದುರು ಪಂದ್ಯದ ಕೊನೆ ಹತ್ತಿರವಾಗಿ, ಮೂರನೇ ಪ್ರಯತ್ನದಲ್ಲಿ 17 ಗಜ ಬೇಕಿದ್ದಾಗ, ಹಳೆಯ ಎಲ್‌ಎಸ್‌ಯು ಆಗಿದ್ದರೆ ಚೆಂಡನ್ನು ಓಟಗಾರನ ಕೈಗಿಟ್ಟು ಗಡಿಯಾರ ಓಡಿಸುತ್ತಿತ್ತು. ಬರೋ ಎಸೆದ, ಜಸ್ಟಿನ್ ಜೆಫರ್ಸನ್ ಹಿಡಿದು ಓಡಿ 61 ಗಜದ ಟಚ್‌ಡೌನ್ ಮಾಡಿದ. 45-38ರಲ್ಲಿ ಪಂದ್ಯ ಮುಗಿದಾಗ ಬರೋ ಎಸೆತಗಳಿಂದ ಬಂದದ್ದು 471 ಗಜ. ನವೆಂಬರ್ 9ರಂದು ಟಸ್ಕಲೂಸಾದಲ್ಲಿ ಅಲಬಾಮಾ ಎದುರು 46-41. ಎಂಟು ಸೋಲುಗಳ ಸರಪಳಿ ಕಡಿಯಿತು. ಸೆಮಿಫೈನಲ್‌ನಲ್ಲಿ ಒಕ್ಲಹೋಮ ಎದುರು 63-28. ಬರೋ ಮೊದಲರ್ಧದಲ್ಲೇ ಏಳು ಟಚ್‌ಡೌನ್ ಎಸೆದ. 2020ರ ಜನವರಿ 13ರಂದು ನ್ಯೂ ಆರ್ಲಿಯನ್ಸ್‌ನ ಫೈನಲ್‌ನಲ್ಲಿ ಕ್ಲೆಮ್ಸನ್ ಎದುರು 42-25. ಋತುವಿನ ಮೊತ್ತ 726 ಅಂಕ, ಸರಾಸರಿ 48.4. ಬರೋ ಲೆಕ್ಕಕ್ಕೆ 5,671 ಗಜ ಮತ್ತು ಆವರೆಗೆ ಯಾರೂ ಮುಟ್ಟದ 60 ಟಚ್‌ಡೌನ್. ಗುರಿ ಸೇರಿದ ಎಸೆತ ಶೇ 76.3.

ಇಷ್ಟಾದರೂ ಆಟಗಾರರು ಹೊಸಬರಲ್ಲ ಎಂಬುದೇ ಈ ಕತೆಯ ಮುಖ್ಯ ಅಂಶ. ಬರೋ ಹಳಬ. ಜೆಫರ್ಸನ್, ಜಮಾರ್ ಚೇಸ್, ಓಟಗಾರ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಮೂವರೂ 2018ರಲ್ಲಿ ಆಡಿದವರೇ. ಮುಂದಿನ ಸಾಲಿನ ಐವರೂ ಹಿಂದಿನ ವರ್ಷ ಕಣದಲ್ಲಿದ್ದವರು. ಬದಲಾದದ್ದು ಜೋಡಣೆ. ಜೆಫರ್ಸನ್‌ನನ್ನು ಅಂಚಿನಿಂದ ಒಳಗಿನ ಸ್ಥಾನಕ್ಕೆ ತಂದರು. ಅಲ್ಲಿ ಅವನು 111 ಚೆಂಡು ಹಿಡಿದ. ಎಡ್ವರ್ಡ್ಸ್-ಹೆಲೇರ್‌ನನ್ನು ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿ ರಕ್ಷಣೆಗೆ ನಿಲ್ಲಿಸುವ ಬದಲು ಐದನೇ ರಿಸೀವರ್ ಆಗಿ ಹೊರಗೆ ಕಳಿಸಿದರು. ಹಾಗೆ ಐವರನ್ನೂ ಹರಡಿದಾಗ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಲು ಉಳಿಯುವವರು ಮುಂದಿನ ಸಾಲಿನ ಐವರು ಮಾತ್ರ. ಆ ಧೈರ್ಯ ಇಡೀ ಯೋಜನೆಯ ಬೆನ್ನೆಲುಬು. ದೇಶದ ಅತ್ಯುತ್ತಮ ಮುಂದಿನ ಸಾಲಿಗೆ ಕೊಡುವ ಜೋ ಮೂರ್ ಪ್ರಶಸ್ತಿ ಆ ವರ್ಷ ಈ ಐವರಿಗೇ ಬಂತು. ಆಗಸ್ಟ್‌ನಲ್ಲಿ ಅವರ ಹೆಸರು ಎತ್ತಿ ಭವಿಷ್ಯ ನುಡಿದವರು ಎಷ್ಟು ಮಂದಿ?

ತಿರುಗಾಟಕ್ಕೆ ಮೊದಲು ಯಕ್ಷಗಾನ ಮೇಳಗಳು ಕಲಾವಿದರ ಪಟ್ಟಿ ಪ್ರಕಟಿಸುತ್ತವೆ. ಯಾವ ವೇಷಧಾರಿ ಯಾವ ಮೇಳದಲ್ಲಿ ಎಂದು ಅಭಿಮಾನಿಗಳು ಚರ್ಚಿಸುತ್ತಾರೆ. ಆದರೆ ಭಾಗವತರಿಗೂ ಮುಮ್ಮೇಳಕ್ಕೂ ಹೊಂದಿಕೆ ಕೂಡಿತೇ ಎಂಬುದನ್ನು ಪಟ್ಟಿ ಹೇಳಲಾರದು. ಅದಕ್ಕೆ ರಂಗಸ್ಥಳದ ಮೇಲೆ ನಾಲ್ಕು ರಾತ್ರಿ ಕಳೆಯಬೇಕು. ಆಫೆನ್ಸಿನ ಮಾತೂ ಹಾಗೆಯೇ.

ಈ ಹೊಂದಿಕೆಯ ಶ್ರೇಯಸ್ಸನ್ನು ಪತ್ರಿಕೆಗಳು ಹೆಚ್ಚಾಗಿ ಬ್ರೇಡಿಗೆ ಒಪ್ಪಿಸಿದವು. ದೇಶದ ಅತ್ಯುತ್ತಮ ಸಹಾಯಕ ತರಬೇತುದಾರನಿಗೆ ಸಿಗುವ ಬ್ರಾಯ್ಲ್ಸ್ ಪ್ರಶಸ್ತಿ ಅವರಿಗೆ ಸಂದಿತು. ಆದರೆ ಆಫೆನ್ಸಿನ ಮುಖ್ಯಸ್ಥರಾಗಿದ್ದವರು ಹಿರಿಯ ಸ್ಟೀವ್ ಎನ್ಸ್‌ಮಿಂಗರ್. ತನಗಿಂತ ಮೂವತ್ತು ವರ್ಷ ಚಿಕ್ಕವನ ಯೋಚನೆಗಳಿಗೆ ತನ್ನ ಯೋಜನಾ ಪುಸ್ತಕದಲ್ಲಿ ಜಾಗ ಬಿಟ್ಟುಕೊಟ್ಟದ್ದು ಅವರ ದೊಡ್ಡತನ. ಒಬ್ಬ ಹಿರಿಯ ಹೀಗೆ ಸರಿದು ಜಾಗ ಕೊಡುತ್ತಾನೋ ಇಲ್ಲವೋ ಎಂಬುದು ಯಾವ ಅಂಕಿಪಟ್ಟಿಯಲ್ಲೂ ಸಿಗುವ ಸಂಗತಿಯಲ್ಲ.

ಇನ್ನು 2020. ಬರೋ ವೃತ್ತಿಪರ ಲೀಗ್‌ನ ಆಯ್ಕೆಯಲ್ಲಿ ಮೊದಲಿಗನಾಗಿ ಸಿನ್ಸಿನಾಟಿಗೆ ಹೋದ. ಅವನೂ ಸೇರಿ ಎಲ್‌ಎಸ್‌ಯುನ 14 ಮಂದಿ ಆ ಆಯ್ಕೆಯಲ್ಲಿ ಹೊರನಡೆದರು. ಬ್ರೇಡಿ ಕ್ಯಾರೊಲಿನಾ ಪ್ಯಾಂಥರ್ಸ್ ಸೇರಿದರು. ಆಗಸ್ಟ್ ಪಟ್ಟಿ ಬಂದ ಕೆಲವೇ ದಿನಗಳಲ್ಲಿ ಚೇಸ್ ಕೂಡ ಕೋವಿಡ್ ಋತುವಿನಿಂದ ಹಿಂದೆ ಸರಿದ. ಆ ಒಂದು ವಿಷಯದಲ್ಲಿ ಮತದಾರರನ್ನು ದೂರುವಂತಿಲ್ಲ. ಉಳಿದದ್ದೆಲ್ಲ ಗೊತ್ತಿದ್ದರೂ ಆರನೇ ಸ್ಥಾನ ದಕ್ಕಿತು. ಹಿಂದಿನ ಬೇಸಿಗೆಯಲ್ಲಿ ಹಳೆಯ ಸೋಲುಗಳ ನೆನಪು ತಂಡವನ್ನು ಕೆಳಗೆ ಎಳೆದಿತ್ತು. ಈ ಬೇಸಿಗೆಯಲ್ಲಿ ಗೆಲುವಿನ ಹೊಳಪು ಅದನ್ನು ಮೇಲೆ ಹಿಡಿದಿತ್ತು.

ಮೊದಲ ಪಂದ್ಯದಲ್ಲೇ ಮಿಸಿಸಿಪಿ ಸ್ಟೇಟ್ 44-34ರಿಂದ ಮಣಿಸಿತು. ಮಿಸ್ಸೂರಿ ಎದುರು 41 ಅಂಕ ಗಳಿಸಿಯೂ 45-41ರ ಸೋಲು. ಆ ಪಂದ್ಯದಲ್ಲಿ ಗಾಯಗೊಂಡ ಕ್ವಾರ್ಟರ್‌ಬ್ಯಾಕ್ ಮೈಲ್ಸ್ ಬ್ರೆನ್ನನ್ ಮತ್ತೆ ಆ ಋತುವಿನಲ್ಲಿ ಆಡಲಿಲ್ಲ. ಇಬ್ಬರು ಮೊದಲ ವರ್ಷದ ಹುಡುಗರು ಆ ಹೊಣೆ ಹೊತ್ತರು. ಹತ್ತು ಪಂದ್ಯಗಳಲ್ಲಿ 320 ಅಂಕ, ಸರಾಸರಿ 32. ಎರಡು ವರ್ಷ ಹಿಂದಿನ ಅಂಕಿಗೇ ತಂಡ ಮರಳಿತ್ತು.

ಇಲ್ಲಿ ಅವಸರದ ತೀರ್ಮಾನ ಬೇಡ. ಕೋವಿಡ್ ಕಾರಣ ಆ ಹತ್ತೂ ಪಂದ್ಯಗಳು ಎಲ್‌ಎಸ್‌ಯುನ ಬಲಿಷ್ಠ ಒಕ್ಕೂಟದ ತಂಡಗಳೊಂದಿಗೇ ನಡೆದವು. ಸುಲಭ ಎದುರಾಳಿಗಳ ಮೇಲೆ ಅಂಕ ಪೇರಿಸುವ ಅವಕಾಶ ಇರಲಿಲ್ಲ. ಬರೋ ಇಲ್ಲದೆ ಗಳಿಸಿದ ಆ 32ನ್ನು ಹೀಗಳೆಯುವಂತಿಲ್ಲ. ತಂಡವನ್ನು ಮುಳುಗಿಸಿದ್ದು ಬಿಟ್ಟುಕೊಟ್ಟ 349 ಅಂಕಗಳು. ಬೇಸಿಗೆಯಿಡೀ ಎಲ್ಲರೂ ‘ಬರೋ ನಂತರ ಯಾರು’ ಎಂದು ಕೇಳುತ್ತಿದ್ದರೆ, ಬಿರುಕು ಇದ್ದದ್ದು ಡಿಫೆನ್ಸ್‌ನಲ್ಲಿ. ಆ ಬಿರುಕು 2019ರಲ್ಲೂ ಇತ್ತು: ಟೆಕ್ಸಸ್ 38, ವ್ಯಾಂಡರ್‌ಬಿಲ್ಟ್ 38, ಅಲಬಾಮಾ 41, ಓಲ್ ಮಿಸ್ 37 ಅಂಕ ಗಳಿಸಿದ್ದವು. ನಾಲ್ಕೂ ಪಂದ್ಯಗಳನ್ನು ಎಲ್‌ಎಸ್‌ಯು ಗೆದ್ದದ್ದರಿಂದ ಆ ಅಂಕಿಗಳನ್ನು ಯಾರೂ ಎಣಿಸಲಿಲ್ಲ. ಆಫೆನ್ಸ್ ಅಸಾಧಾರಣವಾದಾಗ ಅದು ತನ್ನ ತಂಡದ ಉಳಿದ ಕೊರತೆಗಳನ್ನು ಮುಚ್ಚುತ್ತದೆ. ಮರುವರ್ಷದ ನಿರೀಕ್ಷೆ ಆ ಮುಚ್ಚಿಗೆಯನ್ನೇ ಬಲವೆಂದು ಓದುತ್ತದೆ.

ಇದು ಲೂಸಿಯಾನಾಕ್ಕೆ ಸೀಮಿತವಾದ ಮರೆವಲ್ಲ. ಫ್ಲೋರಿಡಾ ಸ್ಟೇಟ್ 2024ರ ಆಗಸ್ಟ್‌ನಲ್ಲಿ ಹತ್ತನೇ ಸ್ಥಾನ ಪಡೆಯಿತು. ಹಿಂದಿನ ವರ್ಷ ಒಕ್ಕೂಟದ ಪ್ರಶಸ್ತಿಯವರೆಗೆ 13 ಪಂದ್ಯ ಸತತವಾಗಿ ಗೆದ್ದಿದ್ದ ತಂಡ ಅದು. ಡಬ್ಲಿನ್‌ನಲ್ಲಿ ಜಾರ್ಜಿಯಾ ಟೆಕ್‌ಗೆ 24-21ರಿಂದ ಸೋತು ಶುರುಮಾಡಿ, ಹನ್ನೆರಡರಲ್ಲಿ ಎರಡೇ ಗೆಲುವಿನೊಂದಿಗೆ ಮುಗಿಸಿತು. 2025ರಲ್ಲಿ ಟೆಕ್ಸಸ್ ತನ್ನ ಚರಿತ್ರೆಯಲ್ಲೇ ಮೊದಲ ಬಾರಿ ಋತುವಿಗೆ ಮುಂಚೆ ಒಂದನೇ ಸ್ಥಾನ ಪಡೆಯಿತು. ಆ ಉತ್ಸಾಹದಲ್ಲಿ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್‌ನ ಮನೆತನದ ಹೆಸರಿಗೂ ಪಾಲಿತ್ತು. ಅವನ ಚಿಕ್ಕಪ್ಪಂದಿರಾದ ಪೇಟನ್, ಈಲೈ ಇಬ್ಬರೂ ವೃತ್ತಿಪರ ಲೀಗ್‌ನ ಖ್ಯಾತನಾಮರು. ಮೊದಲ ಪಂದ್ಯದಲ್ಲಿ ಒಹಾಯೋ ಸ್ಟೇಟ್ ಎದುರು ಆ ಆಫೆನ್ಸ್ ಗಳಿಸಿದ್ದು ಏಳೇ ಅಂಕ; ಪಂದ್ಯ 14-7ಕ್ಕೆ ಕೈತಪ್ಪಿತು.

ಹಾಗೆಂದು ಆಗಸ್ಟ್ ಪಟ್ಟಿಯನ್ನು ನಿಲ್ಲಿಸಿ ಎನ್ನುವುದು ನಮ್ಮ ವಾದವಲ್ಲ. ಊಹೆಯ ಸುಖ ಆಟದ ಒಂದು ಭಾಗ. ಅದನ್ನು ಕಿತ್ತುಕೊಳ್ಳುವುದು ಜಿಪುಣತನ. ಆದರೆ ಪಟ್ಟಿ ಕೇವಲ ಊಹೆಯಾಗಿ ಉಳಿಯುವುದಿಲ್ಲ. ಮೇಲೆ ಆರಂಭಿಸಿದ ತಂಡ ಒಂದು ಸೋಲಿನಿಂದ ಸ್ವಲ್ಪವೇ ಜಾರುತ್ತದೆ, ಪಟ್ಟಿಯ ಹೊರಗಿಂದ ಬಂದ ತಂಡ ನಾಲ್ಕು ಗೆಲುವಿನಿಂದಲೂ ಸ್ವಲ್ಪವೇ ಏರುತ್ತದೆ. ಪ್ಲೇಆಫ್‌ಗೆ ತಂಡಗಳನ್ನು ಆರಿಸುವ ಸಮಿತಿ ತನ್ನ ಮೊದಲ ಶ್ರೇಯಾಂಕವನ್ನು ಋತು ಅರ್ಧ ದಾಟಿದ ಮೇಲೆಯೇ ಪ್ರಕಟಿಸುವುದು ಈ ದೃಷ್ಟಿಯಿಂದ ವಿವೇಕದ ನಡೆ. ಪತ್ರಕರ್ತರೂ ಆಗಸ್ಟ್‌ನಲ್ಲಿ ಕೇಳುವ ಪ್ರಶ್ನೆಗಳನ್ನು ಬದಲಿಸಬಹುದು. ಯಾರು ಉಳಿದರು, ಯಾರು ಹೋದರು ಎಂಬುದರ ಜೊತೆಗೆ, ಉಳಿದವರಲ್ಲಿ ಯಾರ ಜಾಗ ಬದಲಾಯಿತು, ಮುಂದಿನ ಸಾಲಿನ ಐವರು ಎಷ್ಟು ಕಾಲ ಜೊತೆಯಾಗಿ ಆಡಿದ್ದಾರೆ, ಆಟದ ಯೋಜನೆ ಯಾರ ಕೈಯಲ್ಲಿದೆ, ಕಳೆದ ವರ್ಷದ ಗೆಲುವು ಯಾವ ಕೊರತೆಯನ್ನು ಮರೆಮಾಚಿತು ಎಂದು ವಿಚಾರಿಸಬೇಕು. ಈ ನಾಲ್ಕನ್ನು ಕೇಳಿದ್ದರೂ 2019ರ ಎಲ್‌ಎಸ್‌ಯು ಚಾಂಪಿಯನ್ ಆಗುತ್ತದೆಂದು ಯಾರೂ ಹೇಳುತ್ತಿರಲಿಲ್ಲವೇನೋ. 2020ರ ತಂಡಕ್ಕೆ ಆರನೇ ಸ್ಥಾನವನ್ನಂತೂ ಯಾರೂ ಕೊಡುತ್ತಿರಲಿಲ್ಲ.